ಜೀನ್ ಚಿಕಿತ್ಸೆಯ ಸುದ್ದಿ ಬಂತು, ಕಿವಿ ಪರೀಕ್ಷೆ ಎಲ್ಲಿ?

ಹುಟ್ಟಿನಿಂದ ಕಿವಿ ಕೇಳದ ಮಗು, ಒಂದು ಇಂಜೆಕ್ಷನ್ ಆದಮೇಲೆ ಅಮ್ಮನ ದನಿಗೆ ತಿರುಗಿ ನೋಡುವ ವಿಡಿಯೋ ನಿಮ್ಮ ಮೊಬೈಲ್‌ಗೂ ಬಂದಿರಬಹುದು. ಇಂಥ ಫಾರ್ವರ್ಡ್ ಕಂಡ ತಕ್ಷಣ ಸುಳ್ಳು ಅಂತ ಅಳಿಸಿ ಹಾಕುವುದು ಒಳ್ಳೆಯ ಅಭ್ಯಾಸವೇ. ಆದರೆ ಈ ಸಲ ಸುದ್ದಿ ನಿಜ. ಚೀನಾದ ಶಾಂಘೈನಲ್ಲಿ ಫುಡಾನ್ ವಿಶ್ವವಿದ್ಯಾಲಯದ ಆಸ್ಪತ್ರೆಯವರು ಆರು ಮಕ್ಕಳಿಗೆ ಜೀನ್ ಚಿಕಿತ್ಸೆ ಕೊಟ್ಟರು, ಐವರಿಗೆ ಕೇಳಿಸತೊಡಗಿತು, 2024ರ ಜನವರಿಯಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅದರ ವರದಿ ಬಂತು. ಅದೇ ತಿಂಗಳು ಅಮೆರಿಕದ ಫಿಲಡೆಲ್ಫಿಯಾದ ಮಕ್ಕಳ ಆಸ್ಪತ್ರೆಯಲ್ಲಿ 11 ವರ್ಷದ ಹುಡುಗನೊಬ್ಬನಿಗೂ ಇದೇ ಬಗೆಯ ಚಿಕಿತ್ಸೆ ಫಲ ಕೊಟ್ಟ ಸುದ್ದಿ ಹೊರಬಿತ್ತು.

ಸರಿ, ನಮ್ಮ ಹರಿಹರದ, ಹೊಳಲ್ಕೆರೆಯ, ಮೊಳಕಾಲ್ಮೂರಿನ ಮಗುವಿಗೆ ಇದು ಯಾವಾಗ ಸಿಗುತ್ತದೆ? ಎಲ್ಲರೂ ಕೇಳುವ ಪ್ರಶ್ನೆ ಇದೇ. ನನಗೆ ಅನ್ನಿಸುವುದು ಬೇರೆ. ಔಷಧ ನಾಳೆಯೇ ದಾವಣಗೆರೆಗೆ ಬಂದರೂ ಅದನ್ನು ಯಾವ ಮಗುವಿಗೆ ಕೊಡಬೇಕು ಅಂತ ನಮಗೆ ಗೊತ್ತಾಗುವುದಿಲ್ಲ. ಯಾಕೆಂದರೆ ಯಾರ ಕಿವಿ ಎಷ್ಟು ಕೇಳುತ್ತದೆ ಅಂತ ಹೊತ್ತಿಗೆ ಸರಿಯಾಗಿ ಅಳೆಯುವ ಕೆಲಸವನ್ನೇ ನಾವು ಅರ್ಧಕ್ಕೆ ಬಿಟ್ಟಿದ್ದೇವೆ.

ಮೊದಲು ಆ ಚಿಕಿತ್ಸೆ ಏನು ಅಂತ ನೋಡೋಣ. ಒಳಗಿವಿಯಲ್ಲಿ ಕಾಕ್ಲಿಯಾ ಅನ್ನುವ ಸುರುಳಿ ಇದೆ. ಅದರೊಳಗೆ ಒಂದೊಂದು ಕಿವಿಗೆ ಸುಮಾರು 15,000 ಕೂದಲು ಜೀವಕೋಶಗಳು, ಅಂದರೆ ತುದಿಯಲ್ಲಿ ಕೂದಲಿನಂಥ ಎಳೆಗಳಿರುವ ಜೀವಕೋಶಗಳು. ಅವುಗಳಲ್ಲಿ 12,000ದಷ್ಟು ಹೊರಸಾಲಿನವು, ಸಣ್ಣ ಶಬ್ದವನ್ನು ಹಿಗ್ಗಿಸುವುದು ಅವುಗಳ ಕೆಲಸ. ಒಳಸಾಲಿನಲ್ಲಿರುವುದು 3,500ರಷ್ಟು ಮಾತ್ರ, ಶಬ್ದವನ್ನು ನರಕ್ಕೆ ದಾಟಿಸುವುದು ಇವೇ. ದಾಟಿಸಬೇಕಾದರೆ ಒಟೊಫರ್ಲಿನ್ ಅನ್ನುವ ಪ್ರೋಟೀನ್ ಬೇಕು. ಅದನ್ನು ಮಾಡಿಸುವ ಓಟಿಓಎಫ್ ಜೀನ್ ಕೆಟ್ಟಿದ್ದರೆ ಜೀವಕೋಶಗಳು ಚೆನ್ನಾಗಿಯೇ ಇರುತ್ತವೆ, ಆದರೆ ನರಕ್ಕೆ ಸುದ್ದಿ ಮುಟ್ಟುವುದಿಲ್ಲ. ವಿಜ್ಞಾನಿಗಳು ಮಾಡಿದ್ದು ಇಷ್ಟು: ಸರಿಯಾದ ಜೀನನ್ನು ಅಪಾಯವಿಲ್ಲದ ವೈರಸ್ಸಿನೊಳಗೆ ತುಂಬಿ ಕಾಕ್ಲಿಯಾಕ್ಕೆ ಬಿಟ್ಟರು. ಒಂದು ತೊಡಕಿತ್ತು. ಈ ಜೀನ್ ಆ ವೈರಸ್ಸಿಗೆ ಹಿಡಿಸದಷ್ಟು ಉದ್ದ. ಒಂದೇ ಲಾರಿಗೆ ಹಿಡಿಸದ ಮೆಕ್ಕೆಜೋಳದ ಲೋಡನ್ನು ಎರಡು ಗಾಡಿಗೆ ಹಂಚಿ ಎಪಿಎಂಸಿಯಲ್ಲಿ ಮತ್ತೆ ಒಂದೇ ರಾಶಿ ಹಾಕಿದ ಹಾಗೆ, ಜೀನನ್ನು ಎರಡು ತುಂಡು ಮಾಡಿ ಎರಡು ವೈರಸ್ಸಿನಲ್ಲಿ ಕಳಿಸಿದರು, ಜೀವಕೋಶದೊಳಗೆ ಅವು ಕೂಡಿಕೊಂಡವು. ಜಾಣತನದ ಕೆಲಸವೇ, ಒಪ್ಪಿಕೊಳ್ಳೋಣ.

ಆದರೆ ಹುಟ್ಟು ಕಿವುಡಿನಲ್ಲಿ ಈ ಓಟಿಓಎಫ್ ಕಾರಣದ್ದು ಶೇ 1ರಿಂದ 8ರಷ್ಟು ಮಾತ್ರ. ಉಳಿದವರಿಗೆ ಈ ಔಷಧ ಏನೂ ಮಾಡುವುದಿಲ್ಲ. ಇನ್ನೊಂದು ವಿಷಯ ಇದೆ, ಸುದ್ದಿಗಳಲ್ಲಿ ಇದು ಬರುವುದೇ ಇಲ್ಲ, ನನಗೆ ಅದೇ ಮುಖ್ಯ ಅನ್ನಿಸುತ್ತದೆ.

ಹುಟ್ಟಿದ ಮಗುವಿನ ಕಿವಿ ಪರೀಕ್ಷೆಗೆ ಜಾಸ್ತಿ ಬಳಸುವುದು ಓಎಇ ಅನ್ನುವ ಸಣ್ಣ ಯಂತ್ರ. ಆರೋಗ್ಯವಾಗಿರುವ ಕಿವಿಗೆ ಶಬ್ದ ಹಾಕಿದರೆ ಅದು ಕ್ಷೀಣವಾಗಿ ಮಾರ್ದನಿ ಕೊಡುತ್ತದೆ ಅನ್ನುವುದನ್ನು ಇಂಗ್ಲೆಂಡಿನ ಡೇವಿಡ್ ಕೆಂಪ್ 1978ರಲ್ಲಿ ತೋರಿಸಿದರು. ಮಗು ಮಲಗಿದ್ದಾಗಲೇ ಕಿವಿಗೆ ಮೃದುವಾದ ತುದಿ ಇಟ್ಟರೆ ಕೆಲವೇ ನಿಮಿಷದಲ್ಲಿ ಫಲಿತಾಂಶ ಸಿಗುತ್ತದೆ. ನೋವಿಲ್ಲ, ಸೂಜಿ ಇಲ್ಲ. ಆದರೆ ಆ ಮಾರ್ದನಿ ಬರುವುದು ಹೊರಸಾಲಿನ ಜೀವಕೋಶಗಳಿಂದ. ಓಟಿಓಎಫ್ ಮಕ್ಕಳಲ್ಲಿ ಹೊರಸಾಲು ಸರಿಯಾಗಿಯೇ ಇರುತ್ತದೆ. ಅಂದರೆ ಯಾವ ಮಗುವಿಗೆ ಇವತ್ತು ಜೀನ್ ಚಿಕಿತ್ಸೆಯಿಂದ ಕೇಳಿಸಬಹುದೋ ಅದೇ ಮಗು ಈ ಪರೀಕ್ಷೆಯಲ್ಲಿ ಪಾಸಾಗಿ, 'ಕಿವಿ ಸರಿ ಇದೆ' ಅಂತ ಚೀಟಿ ಹಿಡಿದು ಮನೆಗೆ ಹೋಗುತ್ತದೆ! ಅದನ್ನು ಹಿಡಿಯಲು ಬೆರಾ ಅನ್ನುವ ಇನ್ನೊಂದು ಪರೀಕ್ಷೆ ಬೇಕು. ತಲೆಗೆ ಎಲೆಕ್ಟ್ರೋಡ್ ಅಂಟಿಸಿ, ಶಬ್ದ ಮಿದುಳಿನ ಬುಡದವರೆಗೆ ಮುಟ್ಟಿತೇ ಅಂತ ನೋಡುವುದು. ಅವಧಿಗೆ ಮುಂಚೆ ಹುಟ್ಟಿದ, ಕಾಮಾಲೆ ತೀವ್ರವಾಗಿದ್ದ, ಉಸಿರು ಕಟ್ಟಿ ಹುಟ್ಟಿದ ಮಕ್ಕಳಲ್ಲೂ ಇದೇ ಬಗೆಯ ತೊಂದರೆ ಬರಬಹುದು. ಅದಕ್ಕೇ ಐದು ದಿನಕ್ಕಿಂತ ಜಾಸ್ತಿ ಎನ್‌ಐಸಿಯುನಲ್ಲಿ, ಅಂದರೆ ನವಜಾತ ಶಿಶುಗಳ ತುರ್ತು ನಿಗಾ ಘಟಕದಲ್ಲಿ, ಇದ್ದ ಮಗುವಿಗೆ ಓಎಇ ಒಂದೇ ಸಾಲದು, ಬೆರಾ ಆಗಲೇಬೇಕು ಅಂತ ತಜ್ಞರು ಹೇಳುತ್ತಾರೆ. ನಿಮ್ಮ ಮನೆಯ ಕೂಸು ಗಾಜಿನ ಪೆಟ್ಟಿಗೆಯಲ್ಲಿ ಇದ್ದು ಬಂದಿದ್ದರೆ ಡಿಸ್ಚಾರ್ಜ್ ಚೀಟಿಯಲ್ಲಿ ಬೆರಾ ಅನ್ನುವ ಪದ ಇದೆಯಾ ನೋಡಿ.

ಈ ವಿಷಯದಲ್ಲಿ ಲೋಕದಲ್ಲೆಲ್ಲ ಹೇಳುವ ಲೆಕ್ಕ 1-3-6. ಒಂದು ತಿಂಗಳೊಳಗೆ ಮೊದಲ ಪರೀಕ್ಷೆ, ಮೂರು ತಿಂಗಳೊಳಗೆ ತೊಂದರೆ ಖಚಿತ, ಆರು ತಿಂಗಳೊಳಗೆ ಕಿವಿ ಮಷಿನ್ ಅಥವಾ ಬೇರೆ ನೆರವು ಶುರು. ನಮ್ಮಲ್ಲಿ ಏನಾಗುತ್ತದೆ? ಮಗು ಎರಡು ವರ್ಷವಾದರೂ ಮಾತಾಡದಿದ್ದರೆ 'ಅವರಪ್ಪನೂ ತಡವಾಗಿಯೇ ಮಾತಾಡಿದ್ದ' ಅಂತ ಅಜ್ಜಿ ಸಮಾಧಾನ ಹೇಳುತ್ತಾರೆ. ತಟ್ಟೆ ಬಡಿದು ನೋಡುತ್ತಾರೆ, ಮಗು ತಿರುಗುತ್ತದೆ, ಎಲ್ಲರಿಗೂ ನೆಮ್ಮದಿ. ಜೋರು ಸದ್ದು ಮಾತ್ರ ಕೇಳುವ ಮಗುವೂ ತಟ್ಟೆಗೆ ತಿರುಗುತ್ತದೆ, ಬೆನ್ನಿಗೆ ಗಾಳಿ ತಗುಲಿದರೂ ತಿರುಗುತ್ತದೆ. ಹರಕೆ, ತಾಯತ, ನಾಲಿಗೆಯ ಕೆಳಗಿನ ತಂತು ಕತ್ತರಿಸುವುದು, ಎಲ್ಲ ಮುಗಿಸಿ ಆಸ್ಪತ್ರೆಗೆ ಬರುವ ಹೊತ್ತಿಗೆ ಮಗುವಿಗೆ ಮೂರು ತುಂಬಿರುತ್ತದೆ.

ಈ ತಡ ಯಾಕೆ ಇಷ್ಟು ದುಬಾರಿ? ಕಿವಿ ಶಬ್ದ ಹಿಡಿಯುತ್ತದೆ ಅಷ್ಟೇ, ಅದನ್ನು ಮಾತಾಗಿ ತಿಳಿಯುವುದು ಮಿದುಳು. ಆ ಕಲಿಕೆಗೆ ಮಿದುಳು ಹದವಾಗಿರುವುದು ಮೊದಲ ಮೂರು-ನಾಲ್ಕು ವರ್ಷ. ಆ ಹೊತ್ತಿನಲ್ಲಿ ಏನೂ ಕೇಳಿಸದಿದ್ದರೆ, ಶಬ್ದಕ್ಕಾಗಿ ಇದ್ದ ಜಾಗವನ್ನು ನೋಟ ಮತ್ತು ಸ್ಪರ್ಶ ತಮ್ಮ ಕೆಲಸಕ್ಕೆ ಬಳಸಿಕೊಳ್ಳುತ್ತವೆ. ಆಮೇಲೆ ಎಷ್ಟೇ ಬೆಲೆಯ ಯಂತ್ರ ಕೂರಿಸಿದರೂ ಶಬ್ದ ಕೇಳುತ್ತದೆ, ಮಾತು ಅರ್ಥವಾಗುವುದು ಕಷ್ಟ. ಇಲ್ಲೊಂದು ಮಾತು ಸೇರಿಸಬೇಕು: ಆ ವಯಸ್ಸಿನಲ್ಲಿ ಮಿದುಳಿಗೆ ಬೇಕಿರುವುದು ಭಾಷೆ, ಬರೀ ಶಬ್ದವಲ್ಲ. ಸನ್ನೆ ಭಾಷೆಯೂ ಪೂರ್ತಿ ಭಾಷೆಯೇ. ಮೂರು ವರ್ಷ ಮಾತೂ ಇಲ್ಲದೆ ಸನ್ನೆಯೂ ಇಲ್ಲದೆ ಕಳೆದರೆ ಮಗುವಿಗೆ ಆಗುವ ನಷ್ಟವೇ ದೊಡ್ಡದು, ಮತ್ತು 'ಸನ್ನೆ ಕಲಿಸಿದರೆ ಮಾತು ಬರಲ್ಲ' ಅಂತ ಹೆದರಿಸಿ ಅದನ್ನೂ ತಪ್ಪಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಕಾಗದದ ಮೇಲೆ ನಮಗೆ ಏನೂ ಕಡಿಮೆ ಇಲ್ಲ. ಕಿವುಡು ತಡೆಯುವ ರಾಷ್ಟ್ರೀಯ ಕಾರ್ಯಕ್ರಮ 2006-07ರಲ್ಲೇ ಶುರುವಾಗಿದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿದಾಗಿನಿಂದ 18 ವರ್ಷದವರೆಗೆ ತಪಾಸಣೆ ಆಗಬೇಕು, ಪಟ್ಟಿಯಲ್ಲಿ ಕಿವಿಯೂ ಇದೆ. ಆಪರೇಷನ್ ಮಾಡಿ ಒಳಗಿವಿಗೆ ಕೂರಿಸುವ ಯಂತ್ರಕ್ಕೆ, ಅಂದರೆ ಕಾಕ್ಲಿಯರ್ ಇಂಪ್ಲಾಂಟ್‌ಗೆ, ಕೇಂದ್ರದ ಅಡಿಪ್ ಯೋಜನೆ, ರಾಜ್ಯದ ಶ್ರವಣ ಸಂಜೀವಿನಿ ಇವೆ. ದಾವಣಗೆರೆಯಲ್ಲಿ ಚಿಗಟೇರಿ ಜಿಲ್ಲಾ ಆಸ್ಪತ್ರೆ, ಎರಡು ಖಾಸಗಿ ವೈದ್ಯಕೀಯ ಕಾಲೇಜು, ಚಿತ್ರದುರ್ಗದಲ್ಲಿ ಜಿಲ್ಲಾ ಆಸ್ಪತ್ರೆ, ಅದರ ಜೊತೆಗೆ ಈಗ ಸರ್ಕಾರಿ ವೈದ್ಯಕೀಯ ಕಾಲೇಜು. ತೊಡಕು ಇರುವುದು ತಾಲ್ಲೂಕಿನಲ್ಲಿ, ಹೆರಿಗೆ ಆಗುವ ಜಾಗದಲ್ಲಿ. ತಾಯಿ-ಮಗು ಎರಡು-ಮೂರು ದಿನಕ್ಕೆ ಮನೆಗೆ ಹೋಗುತ್ತಾರೆ, ಆಮೇಲೆ ತವರು, ಅಲ್ಲಿಂದ ಗಂಡನ ಮನೆ. ಮೊದಲ ಪರೀಕ್ಷೆಯಲ್ಲಿ 'ಇನ್ನೊಮ್ಮೆ ಬನ್ನಿ' ಅಂತ ಹೇಳಿಸಿಕೊಂಡವರು ಮತ್ತೆ ಬಾರದೇ ಇರುವುದು ಇಡೀ ಲೋಕದ ಸಮಸ್ಯೆ, ನಮ್ಮಲ್ಲಿ ಅದಕ್ಕೆ ಬಸ್ ಚಾರ್ಜೂ ಒಂದು ದಿನದ ಕೂಲಿಯೂ ಸೇರುತ್ತದೆ. ಚಳ್ಳಕೆರೆ ಹತ್ತಿರ ಡಿಆರ್‌ಡಿಓದವರು ಪೈಲಟ್ ಇಲ್ಲದ ವಿಮಾನ ಹಾರಿಸಿ ಪರೀಕ್ಷೆ ಮಾಡುತ್ತಾರೆ, ಸಂತೋಷ. ಅದೇ ತಾಲ್ಲೂಕಿನಲ್ಲಿ ಹುಟ್ಟುವ ಕೂಸಿನ ಕಿವಿ ಪರೀಕ್ಷೆಗೆ ಅಂಗೈ ಅಗಲದ ಯಂತ್ರ ಸಾಕು, ಅದನ್ನು ಹಿಡಿಯಲು ಒಬ್ಬ ತರಬೇತಾದ ನರ್ಸ್ ಬೇಕು.

ಇಂಪ್ಲಾಂಟ್ ಆದ ಮಗುವಿನ ಕಥೆಯೂ ಆಪರೇಷನ್‌ನಿಂದ ಶುರುವಾಗುವುದೇ ಹೊರತು ಮುಗಿಯುವುದಿಲ್ಲ. ಒಳಗೆ ಎಲೆಕ್ಟ್ರೋಡ್ ಕೂರಿಸಿ ಮೂರು-ನಾಲ್ಕು ವಾರಕ್ಕೆ ಸ್ವಿಚ್ ಆನ್ ಮಾಡುತ್ತಾರೆ, ಆಮೇಲೆ ಮತ್ತೆ ಮತ್ತೆ ಮ್ಯಾಪಿಂಗ್, ಅಂದರೆ ಯಂತ್ರವನ್ನು ಮಗುವಿಗೆ ತಕ್ಕಂತೆ ಹೊಂದಿಸುವುದು, ವರ್ಷಗಟ್ಟಲೆ ವಾರವಾರವೂ ಮಾತಿನ ತರಬೇತಿ. ಆಪರೇಷನ್ ಉಚಿತ, ಸರಿ. ವಾರಂಟಿ ಮುಗಿದಮೇಲೆ ಕೇಬಲ್ ಕಿತ್ತರೆ, ಹೊರಗಿನ ಪ್ರೊಸೆಸರ್ ಕೆಟ್ಟರೆ? ಆ ದುಡ್ಡಿಲ್ಲದೆ ಯಂತ್ರ ಡಬ್ಬಿಯಲ್ಲಿ ಕೂತರೆ ಮಗು ಮತ್ತೆ ಮೊದಲಿನ ಜಾಗಕ್ಕೆ. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ, ಜನ ಸುಮ್ನೆ ಆಯಿಷ್ ಅಂತಾರೆ, 1965ರಿಂದ ಇದೇ ಕೆಲಸ ಮಾಡುತ್ತಿದೆ, ಇಲ್ಲಿನ ಎಷ್ಟೋ ಕುಟುಂಬಗಳಿಗೆ ಕೊನೆಯ ಭರವಸೆಯೂ ಅದೇ. ಆದರೆ ಜಗಳೂರಿನಿಂದ ವಾರವಾರ ಮೈಸೂರಿಗೆ ಹೋಗಿ ಬರುವುದು ಆಗುವ ಮಾತಾ? ಹೋಗಲಾಗದೆ ಕೊನೆಗೆ ತಾಯಿ ಮಗುವಿನ ಜೊತೆ ಮೈಸೂರಲ್ಲೇ ಬಾಡಿಗೆ ಮನೆ ಮಾಡಬೇಕಾಗುತ್ತದೆ, ಊರಲ್ಲಿ ಸಂಸಾರದ ಇನ್ನರ್ಧ ಉಳಿಯುತ್ತದೆ. ಈ ತರಬೇತಿ ಜಿಲ್ಲಾ ಕೇಂದ್ರದಲ್ಲೇ ಸಿಗಬೇಕು. ಅದಕ್ಕೆ ದೊಡ್ಡ ವಿಜ್ಞಾನ ಏನೂ ಬೇಡ, ಖಾಲಿ ಬಿದ್ದ ಹುದ್ದೆ ತುಂಬಿದರೆ ಸಾಕು.

ಸಂಬಂಧದೊಳಗಿನ ಮದುವೆಯ ವಿಷಯ ಎತ್ತದಿದ್ದರೆ ಈ ಚರ್ಚೆ ಅರ್ಧವಾಗುತ್ತದೆ. ಸೋದರಮಾವ, ಅತ್ತೆ ಮಗ, ಮಾವನ ಮಗಳು. ಕರ್ನಾಟಕದಲ್ಲಿ ನಾಲ್ಕರಲ್ಲಿ ಒಂದಕ್ಕಿಂತ ಜಾಸ್ತಿ ಮದುವೆ ರಕ್ತಸಂಬಂಧದಲ್ಲೇ ಆಗುತ್ತವೆ ಅಂತ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. ಹುಟ್ಟು ಕಿವುಡಿನ ಬಹಳಷ್ಟು ಜೀನ್ ದೋಷಗಳು ಮಗುವಿಗೆ ತೊಂದರೆ ಕೊಡುವುದು ಅಪ್ಪ-ಅಮ್ಮ ಇಬ್ಬರಿಂದಲೂ ಬಂದಾಗ ಮಾತ್ರ. ಒಬ್ಬರಿಂದ ಬಂದರೆ ಕಿವಿ ಚೆನ್ನಾಗಿಯೇ ಕೇಳುತ್ತದೆ, ಆದರೆ ದೋಷ ಮುಂದಿನ ತಲೆಮಾರಿಗೆ ಸಾಗುತ್ತದೆ. ಒಂದೇ ಮನೆತನದ ಇಬ್ಬರು ಮದುವೆಯಾದರೆ ಇಬ್ಬರಲ್ಲೂ ಅದೇ ದೋಷ ಇರುವ ಸಾಧ್ಯತೆ ಏರುತ್ತದೆ. ಇಬ್ಬರಲ್ಲೂ ಇದ್ದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಅವಕಾಶ. ಭಾರತದಲ್ಲಿ ಜಾಸ್ತಿ ಕಾಣುವುದು ಕನೆಕ್ಸಿನ್ 26 ಅನ್ನುವ ಪ್ರೋಟೀನಿನ ಜೀನ್ ದೋಷ. ಇದನ್ನು ಬೈಗುಳವಾಗಿ ಹೇಳುವುದರಿಂದ ಏನೂ ಆಗುವುದಿಲ್ಲ. ಜಮೀನು ಒಡೆಯಬಾರದು, ಹುಡುಗಿ ಗೊತ್ತಿರುವ ಮನೆಗೇ ಹೋಗಲಿ ಅಂತ ಜನರಿಗೆ ತಮ್ಮದೇ ಕಾರಣಗಳಿವೆ. ಕಿವಿ ಕೇಳದವರು ಈಗಾಗಲೇ ಇರುವ ಮನೆತನದಲ್ಲಿ ಮದುವೆಗೆ ಮುಂಚೆ ಜೀನ್ ಸಲಹೆ, ಹುಟ್ಟಿದ ಮಗುವಿಗೆ ಮೊದಲ ವಾರದಲ್ಲೇ ಪರೀಕ್ಷೆ, ಇಷ್ಟನ್ನಾದರೂ ಕೇಳಬಹುದು ಅಲ್ವಾ? ಇನ್ನೊಂದು ಸುಲಭದ್ದು ರುಬೆಲ್ಲಾ. ಬಸಿರಿನಲ್ಲಿ ಆ ಸೋಂಕು ಬಂದರೆ ಮಗುವಿನ ಕಿವಿಗೆ ಹೊಡೆತ. ದಡಾರ-ರುಬೆಲ್ಲಾ ಲಸಿಕೆ ಅಭಿಯಾನ 2017ರ ಫೆಬ್ರುವರಿಯಲ್ಲಿ ದೇಶದಲ್ಲಿ ಶುರುವಾದಾಗ ಮೊದಲ ಹಂತದಲ್ಲೇ ಕರ್ನಾಟಕ ಇತ್ತು. ಆಗ ಆ ಲಸಿಕೆ ಮಕ್ಕಳನ್ನು ಬಂಜೆ ಮಾಡುತ್ತದೆ ಅಂತ ವಾಟ್ಸಾಪ್‌ನಲ್ಲಿ ಓಡಾಡಿದ ಕಸ ನೆನಪಿದೆಯಾ?

ಜೀನು, ಇಂಪ್ಲಾಂಟು ಅಂತ ಮಾತಾಡುವಾಗ ಮರೆತುಹೋಗುವುದು ಸೋರುವ ಕಿವಿ. ಶಾಲೆಗೆ ಹೋಗುವ ಮಕ್ಕಳಲ್ಲಿ ಕಿವಿ ಮಂದವಾಗಲು ದೊಡ್ಡ ಕಾರಣ ಇದೇ. ನೆಗಡಿ ಬಂದು ಕಿವಿಗೆ ಇಳಿಯುತ್ತದೆ, ತಮಟೆ ತೂತಾಗುತ್ತದೆ, ಕೀವು ಸೋರುತ್ತದೆ, ಬತ್ತುತ್ತದೆ, ಕೆರೆಯಲ್ಲಿ ಈಜಿದರೆ ಮತ್ತೆ ಸೋರುತ್ತದೆ. ಬಿಸಿ ಎಣ್ಣೆ, ಎಲೆ ರಸ ಬಿಡುವುದು ಇನ್ನೂ ನಿಂತಿಲ್ಲ. ಇದಕ್ಕೆ ಬೇಕಿರುವುದು ಕಿವಿ ಒಣಗಿಸಿ, ವೈದ್ಯರು ಬರೆದುಕೊಟ್ಟ ಹನಿ ಹಾಕಿ, ತೂತು ಮುಚ್ಚದಿದ್ದರೆ ಆಪರೇಷನ್‌ನಲ್ಲಿ ಹೊಸ ಪರದೆ ಹೊದಿಸುವುದು. ಹಳೆಯ ವಿದ್ಯೆ, ಜಿಲ್ಲೆಯಲ್ಲೇ ಆಗುತ್ತದೆ. ಕೆಟ್ಟ ವಾಸನೆಯ ಕೀವು ಬಂದರೆ ಮಾತ್ರ ಒಂದು ದಿನವೂ ಕಾಯಬೇಡಿ, ಅದು ಎಲುಬು ತಿನ್ನುವ ಬಗೆ ಆಗಿರಬಹುದು, ಮಿದುಳಿನವರೆಗೂ ಹೋಗಬಲ್ಲದು. ಮಕ್ಕಳಲ್ಲಿ ಆಗುವ ಕಿವುಡಿನ ಶೇ 60ರಷ್ಟನ್ನು ತಡೆಯಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುವಾಗ ಅದರಲ್ಲಿ ಇಂಥವೇ ಸೇರಿರುವುದು.

ಇನ್ನು ಸದ್ದು. ದಾವಣಗೆರೆ ಒಂದು ಕಾಲಕ್ಕೆ ಹತ್ತಿ ಗಿರಣಿಗಳ ಊರು, ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರು. ಮಗ್ಗದ ಶೆಡ್ಡಿನಲ್ಲಿ ಸದ್ದು 90 ಡೆಸಿಬೆಲ್ ದಾಟುವುದು ಮಾಮೂಲು. ಆ ಗಿರಣಿಗಳಲ್ಲಿ ದುಡಿದ ಎಷ್ಟು ಜನರ ಕಿವಿ ಹೋಯಿತು ಅಂತ ಯಾರೂ ಅಳೆದಿಡಲಿಲ್ಲ, ವಯಸ್ಸಾಯ್ತು ಅಂತ ಬಿಟ್ಟರು. ಈಗ ಅಕ್ಕಿ ಗಿರಣಿ, ಗಣಿ, ಕಲ್ಲು ಕ್ರಷರ್, ಚಿತ್ರದುರ್ಗದ ತುಂಬ ಓಡಾಡುವ ಬೋರ್‌ವೆಲ್ ಲಾರಿ. 85 ಡೆಸಿಬೆಲ್ಲಿನಲ್ಲಿ ದಿನಕ್ಕೆ ಎಂಟು ಗಂಟೆ ಇರಬಹುದು, ಆಮೇಲೆ ಪ್ರತಿ ಮೂರು ಡೆಸಿಬೆಲ್‌ಗೆ ಹೊತ್ತು ಅರ್ಧಕ್ಕೆ ಇಳಿಯುತ್ತದೆ. 100 ಡೆಸಿಬೆಲ್ ಆದರೆ ಹದಿನೈದೇ ನಿಮಿಷ. ಗಣಪತಿ ಮೆರವಣಿಗೆಯ ಡಿಜೆ ಎದುರು 100 ದಾಟುವುದು ಕಷ್ಟವೇನಲ್ಲ, ಹುಡುಗರು ಅದರ ಮುಂದೆ ಗಂಟೆಗಟ್ಟಲೆ ಕುಣಿಯುತ್ತಾರೆ. 2000ದ ಶಬ್ದ ಮಾಲಿನ್ಯ ನಿಯಮದಲ್ಲಿ ಮನೆಗಳಿರುವ ಜಾಗಕ್ಕೆ ಹಗಲು 55, ರಾತ್ರಿ 45 ಅಂತ ಬರೆದಿದೆ. ಡಿಜೆ ಬೇಕು-ಬೇಡ ಅನ್ನುವ ಜಗಳ ಬಂದಾಗಲೆಲ್ಲ ಅದು ಧರ್ಮದ ಕಡೆಗೋ ರಾಜಕೀಯದ ಕಡೆಗೋ ತಿರುಗಿಬಿಡುತ್ತದೆ, ಪೆಟ್ಟಿಗೆಯ ಪಕ್ಕ ನಿಂತು ಕೇಬಲ್ ನೋಡಿಕೊಳ್ಳುವ ಹುಡುಗನ ಕಿವಿಯ ಬಗ್ಗೆ ಎರಡೂ ಕಡೆಯವರು ಮಾತಾಡುವುದಿಲ್ಲ.

'ರಾತ್ರಿ ಗುಂಯ್ ಅಂತಿತ್ತು, ಬೆಳಿಗ್ಗೆ ಸರಿ ಹೋಯ್ತು' ಅಂತಾರಲ್ಲ, ಈ ಸರಿ ಹೋಗುವುದರ ಬಗ್ಗೆಯೇ ಸಂಶೋಧನೆ ಈಗ ಅನುಮಾನ ಪಡುತ್ತಿದೆ. 2009ರಲ್ಲಿ ಅಮೆರಿಕದ ಕುಜಾವಾ ಮತ್ತು ಲಿಬರ್ಮನ್ ಇಲಿಗಳಿಗೆ ಎರಡು ಗಂಟೆ 100 ಡೆಸಿಬೆಲ್ ಸದ್ದು ಕೇಳಿಸಿದರು. ಕೆಲವು ದಿನದಲ್ಲಿ ಪರೀಕ್ಷೆಯ ಪ್ರಕಾರ ಕಿವಿ ಮೊದಲಿನಂತಾಯಿತು, ಜೀವಕೋಶಗಳೂ ಉಳಿದಿದ್ದವು. ಆದರೆ ಜೀವಕೋಶ ಮತ್ತು ನರ ಸೇರುವ ಕೊಂಡಿಗಳಲ್ಲಿ, ಕೆಲವು ಭಾಗದಲ್ಲಿ ಅರ್ಧದಷ್ಟು ಹೋಗಿಯೇಬಿಟ್ಟಿದ್ದವು. ಮನುಷ್ಯರಲ್ಲಿ ಇದು ಎಷ್ಟರಮಟ್ಟಿಗೆ ಹೌದು ಅನ್ನುವ ಚರ್ಚೆ ಇನ್ನೂ ಮುಗಿದಿಲ್ಲ, ಬದುಕಿರುವವರಲ್ಲಿ ಆ ಕೊಂಡಿಗಳನ್ನು ಎಣಿಸುವ ಪರೀಕ್ಷೆಯೂ ಇಲ್ಲ. ಆದರೂ 'ಪರೀಕ್ಷೆ ನಾರ್ಮಲ್, ಆದರೆ ಗದ್ದಲದಲ್ಲಿ ಮಾತು ತಿಳಿಯಲ್ಲ' ಅನ್ನುವವರ ದೂರಿಗೆ ಒಂದು ಕಾರಣ ಇಲ್ಲಿರಬಹುದು. ಹೋದ ಕೂದಲು ಜೀವಕೋಶ ಮತ್ತೆ ಬೆಳೆಯುವುದೂ ಇಲ್ಲ. ಕೋಳಿಗೆ ಬೆಳೆಯುತ್ತದೆ, ಅದು 1980ರ ದಶಕದಲ್ಲೇ ಗೊತ್ತಾಗಿದೆ, ನಮಗೆ ಬೆಳೆಯುವುದಿಲ್ಲ. ಬೆಳೆಸುತ್ತೇವೆ ಅಂತ ಹೊರಟ ಎಫ್‌ಎಕ್ಸ್-322 ಅನ್ನುವ ಔಷಧವನ್ನು ಪ್ರಯೋಗದಲ್ಲಿ ಸೋತು 2023ರಲ್ಲಿ ಕೈಬಿಟ್ಟರು.

ಬೆಳಿಗ್ಗೆ ಎದ್ದಾಗ ಒಂದು ಕಿವಿ ಇದ್ದಕ್ಕಿದ್ದಂತೆ ಬಂದ್ ಆಗಿದ್ದರೆ ಗುಗ್ಗೆ ಇರಬೇಕು ಅಂತ ವಾರ ಕಳೆಯಬೇಡಿ. ಅದು ಒಳಗಿವಿಯದ್ದಾಗಿದ್ದರೆ ಸ್ಟೀರಾಯ್ಡ್ ಕೆಲಸ ಮಾಡುವುದು ಮೊದಲ ಕೆಲವು ದಿನಗಳಲ್ಲಿ, ಎರಡು ವಾರ ದಾಟಿದರೆ ಫಲ ಸಿಗುವ ಸಾಧ್ಯತೆ ಬಹಳ ತಗ್ಗುತ್ತದೆ.

ಹಿರಿಯರ ವಿಷಯದಲ್ಲಿ ಈಗ ಓಡುತ್ತಿರುವ ಸುದ್ದಿ 'ಕಿವಿ ಮಷಿನ್ ಹಾಕಿದರೆ ಮರೆವಿನ ಕಾಯಿಲೆ ಬರಲ್ಲ' ಅನ್ನುವುದು. ಅಷ್ಟು ನೇರ ಇಲ್ಲ. ಅಮೆರಿಕದಲ್ಲಿ 70ರಿಂದ 84 ವಯಸ್ಸಿನ 977 ಜನರನ್ನು ಮೂರು ವರ್ಷ ನೋಡಿದ ಅಚೀವ್ ಅನ್ನುವ ಅಧ್ಯಯನ 2023ರಲ್ಲಿ ಬಂತು. ಎಲ್ಲರನ್ನೂ ಒಟ್ಟಿಗೆ ಲೆಕ್ಕ ಹಾಕಿದರೆ ಮಷಿನ್ ಹಾಕಿದವರಿಗೂ ಹಾಕದವರಿಗೂ ಅಂಥ ವ್ಯತ್ಯಾಸ ಕಾಣಲಿಲ್ಲ. ಮರೆವಿನ ಅಪಾಯ ಮೊದಲೇ ಜಾಸ್ತಿ ಇದ್ದ ಗುಂಪಿನಲ್ಲಿ ಮಾತ್ರ ಬುದ್ಧಿ ಕುಂದುವ ವೇಗ ಶೇ 48ರಷ್ಟು ತಗ್ಗಿತ್ತು. ಬಿಪಿ, ಸಕ್ಕರೆ ಇರುವ ನಮ್ಮ ಹಿರಿಯರಲ್ಲಿ ಬಹಳ ಜನ ಆ ಎರಡನೇ ಗುಂಪಿಗೇ ಹತ್ತಿರ ಅಂತ ನನ್ನ ಊಹೆ, ಆದರೆ ಅದನ್ನು ಇಲ್ಲೇ ಅಳೆದು ನೋಡಬೇಕು. ಮಷಿನ್ ಕೊಂಡು ಬೀರುವಿನಲ್ಲಿ ಇಟ್ಟವರು ಪ್ರತಿ ಓಣಿಯಲ್ಲೂ ಸಿಗುತ್ತಾರೆ. ಕಾರಣ ಹಟವಲ್ಲ. ಆನ್‌ಲೈನ್‌ನಲ್ಲಿ ತರಿಸಿದ ಅಗ್ಗದ ಮಷಿನ್ ಎಲ್ಲ ಸದ್ದನ್ನೂ ಒಟ್ಟಿಗೆ ಹಿಗ್ಗಿಸುತ್ತದೆ, ಪಾತ್ರೆ ಸದ್ದು ಕಿವಿಗೆ ಹೊಡೆಯುತ್ತದೆ, ಮೊಮ್ಮಗಳ ಮಾತು ಮಾತ್ರ ಹಾಗೇ ಮಸುಕು. ಯಾವ ಸ್ವರ ಎಷ್ಟು ಕೇಳುತ್ತದೆ ಅಂತ ಆಡಿಯೋಗ್ರಾಂ ಮಾಡಿ, ಅದಕ್ಕೆ ತಕ್ಕಂತೆ ಹೊಂದಿಸಬೇಕು. ಜೊತೆಗೆ ಮಾತು ಎಷ್ಟು ತಿಳಿಯುತ್ತದೆ ಅನ್ನುವ ಪರೀಕ್ಷೆಯೂ ಆಗಬೇಕು. ಅದಕ್ಕೆ ಕನ್ನಡದಲ್ಲೇ ಪದಪಟ್ಟಿಗಳಿವೆ, ಗದ್ದಲದ ನಡುವೆ ವಾಕ್ಯ ಕೇಳಿಸಿ ನೋಡುವ ಪರೀಕ್ಷೆಯೂ ಇದೆ, ಆಯಿಷ್‌ನವರು ಮಾಡಿದ್ದು. ಮಷಿನ್ ಕೊಳ್ಳುವ ಮೊದಲು ಈ ಪರೀಕ್ಷೆ ಮಾಡಿಸಿ, ಅಂಗಡಿಯವರು ಇಲ್ಲ ಅಂದರೆ ಅಲ್ಲಿ ಕೊಳ್ಳಬೇಡಿ. ಕೊಂಡಮೇಲೆ ಮೊದಲ ವಾರ ಮನೆಯೊಳಗೆ, ದಿನಕ್ಕೆ ಒಂದೆರಡು ಗಂಟೆ ಸಾಕು, ಆಮೇಲೆ ಸಂತೆ, ಮದುವೆ ಮನೆ. ಒಂದು ತಿಂಗಳಿಗೆ ಮತ್ತೆ ಹೋಗಿ ಹೊಂದಿಸಿಕೊಂಡು ಬರುವುದು ಬೆಲೆಯೊಳಗೇ ಸೇರಿದೆಯಾ ಅಂತ ದುಡ್ಡು ಕೊಡುವ ಮುಂಚೆಯೇ ಕೇಳಿ, ಬಿಲ್ಲಿನ ಮೇಲೆ ಬರೆಸಿಕೊಳ್ಳಿ.